ಅಮ್ಮನ ಹಳೆಯ ಸೊಂಟನೋವಿಗೆ ವಿಆರ್ ಹೆಡ್‌ಸೆಟ್ ಉಪಯೋಗಕ್ಕೆ ಬರುತ್ತಾ?

ತುಂಗಾ_ತೀರ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ ಉತ್ತರ ಕೊಡಿ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ, ಮುಖ್ಯ ರಸ್ತೆ ಬಿಟ್ಟು ಒಳಗೆ. ಅಮ್ಮನಿಗೆ ಅರವತ್ತು ದಾಟಿದೆ. ಸೊಂಟನೋವು ಶುರುವಾಗಿ ವರ್ಷಗಳೇ ಆದವು. ಸುಗ್ಗಿಯಲ್ಲಿ ರಾತ್ರಿ ತನಕ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದದ್ದು, ಕೊಟ್ಟಿಗೆ ಕೆಲಸ, ಸೊಪ್ಪಿನ ಹೊರೆ, ಎಲ್ಲಾ ಸೇರಿ ಬಂದ ನೋವು ಅಂತ ನಾವು ಅಂದುಕೊಂಡಿದ್ದೇವೆ. ಈಗ ಸುಲಿಯುವುದಕ್ಕೆ ಮೆಷಿನ್ ಬಂದಿದೆ. ಅಮ್ಮ ಕತ್ತಿ ಮುಂದೆ ಕೂರುವುದು ಬಿಟ್ಟಾಯಿತು, ಆದರೆ ನೋವು ಅವರನ್ನು ಬಿಟ್ಟಿಲ್ಲ. ಶಿವಮೊಗ್ಗದಲ್ಲಿ ಎಂಆರ್‌ಐ ಮಾಡಿಸಿದೆವು. ಡಿಸ್ಕ್ ಸ್ವಲ್ಪ ಸವೆದಿದೆ, ಈ ವಯಸ್ಸಿಗೆ ಅದು ಸಹಜ, ಆಪರೇಷನ್ ಬೇಡ ಅಂದರು. ಮಾತ್ರೆ ಕೊಟ್ಟರು, ವ್ಯಾಯಾಮ ಹೇಳಿಕೊಟ್ಟರು. ಮಾತ್ರೆ ತಗೊಂಡ ದಿನ ಪರವಾಗಿಲ್ಲ, ಬಿಟ್ಟರೆ ಮತ್ತೆ ಅದೇ ಕತೆ. ವ್ಯಾಯಾಮ ಅಂತೂ ಮಾಡುವುದೇ ಇಲ್ಲ. ಬಗ್ಗಿದರೆ ಒಳಗೆ ಇನ್ನೇನೋ ಹರಿದುಹೋಗುತ್ತದೆ ಅಂತ ಹೆದರಿಕೆ.

ಎಂಆರ್‌ಐನಲ್ಲಿ ದೊಡ್ಡದೇನೂ ಇಲ್ಲ ಅಂತ ಬಂದಮೇಲೆ ಮನೆಯಲ್ಲಿ ಒಬ್ಬಿಬ್ಬರು "ಅದೆಲ್ಲಾ ಮನಸ್ಸಿಗೆ ಹಚ್ಚಿಕೊಂಡಿದ್ದು" ಅನ್ನಲು ಶುರು ಮಾಡಿದ್ದಾರೆ. ಅಮ್ಮ ಕೇಳಿಸಿಕೊಂಡು ಸುಮ್ಮನಾಗುತ್ತಾರೆ. ನನಗೆ ನೋವಿಗಿಂತ ಅದೇ ಜಾಸ್ತಿ ಸಂಕಟ. ಬೆಳಿಗ್ಗೆ ಎದ್ದಾಗ ಗೋಡೆ ಹಿಡಿದುಕೊಂಡು ನಿಲ್ಲುವುದನ್ನು ನೋಡಿದವರು ಯಾರೂ ಹಾಗೆ ಹೇಳುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿ ಇದ್ದಾನೆ. ಅವನ ಹತ್ತಿರ ಗೇಮ್ ಆಡುವ ವಿಆರ್ ಹೆಡ್‌ಸೆಟ್ ಇದೆ, ಕ್ವೆಸ್ಟ್ 2. ಕಣ್ಣಿಗೆ ಕಟ್ಟಿಕೊಂಡರೆ ಬೇರೆಯೇ ಜಾಗದಲ್ಲಿ ಇದ್ದ ಹಾಗೆ ಸುತ್ತಲೂ ದೃಶ್ಯ ಕಾಣುತ್ತದಂತೆ. ಸುಮ್ನೆ ಬಿದ್ದಿದೆ, ದೀಪಾವಳಿಗೆ ಬರುವಾಗ ತರುತ್ತೇನೆ, ಅಮೆರಿಕದಲ್ಲಿ ಡಾಕ್ಟರುಗಳೇ ಇದನ್ನು ಸೊಂಟನೋವಿಗೆ ಬರೆದುಕೊಡುತ್ತಾರೆ ಅಂದ. ಇದು ನಿಜವಾ? ಕಣ್ಣಿಗೆ ಕಟ್ಟಿಕೊಂಡು ನೋಡುವ ವಸ್ತುವಿನಿಂದ ಸೊಂಟದ ನೋವು ಹೇಗೆ ಕಡಿಮೆ ಆಗುತ್ತದೆ? ಅಮ್ಮನಿಗೆ ಬಿಪಿ ಇದೆ, ಮಾತ್ರೆ ತಗೊಳ್ಳುತ್ತಾರೆ. ಇಂಗ್ಲಿಷ್ ಬರುವುದಿಲ್ಲ. ನಮ್ಮಲ್ಲಿ ಕರೆಂಟು, ನೆಟ್‌ವರ್ಕು ಎರಡನ್ನೂ ನಂಬುವ ಹಾಗಿಲ್ಲ. ಗೊತ್ತಿದ್ದವರು ಹೇಳಿ. ಆಸೆ ಹುಟ್ಟಿಸಿ ಆಮೇಲೆ ಏನೂ ಆಗದಿದ್ದರೆ ಅಮ್ಮ ಇನ್ನೂ ಕುಗ್ಗಿ ಹೋಗುತ್ತಾರೆ ಅನ್ನುವ ಭಯ ನನ್ನದು.

ಫಿಸಿಯೋ_ಶಿವಮೊಗ್ಗ:

ಮೇಡಂ, ನಾನು ಶಿವಮೊಗ್ಗದಲ್ಲಿ ಫಿಸಿಯೋಥೆರಪಿಸ್ಟ್. ತೋಟದಲ್ಲಿ ದುಡಿದು ದಣಿದ ಸೊಂಟಗಳನ್ನು ದಿನಾ ನೋಡುತ್ತೇನೆ, ಹಾಗಾಗಿ ಬಿಡಿಸಿ ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲು, ಅಮ್ಮನ ನೋವು ನಿಜ. ಮೂರು ತಿಂಗಳು ದಾಟಿಯೂ ಹೋಗದ ನೋವನ್ನು ದೀರ್ಘಕಾಲದ ನೋವು ಅನ್ನುತ್ತಾರೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಅದಕ್ಕೆ ಅದರದೇ ಜಾಗ ಕೊಟ್ಟಿದ್ದಾರೆ. ಎಂಆರ್‌ಐ ತೋರಿಸುವುದು ಮೂಳೆ, ಡಿಸ್ಕ್, ನರ ಹೇಗಿದೆ ಅನ್ನುವುದನ್ನು. ನೋವು ಎಷ್ಟಿದೆ ಅಂತ ತೋರಿಸುವ ಸ್ಕ್ಯಾನ್ ಅದಲ್ಲ. ಡಿಸ್ಕ್ ಸವೆದಿದ್ದೂ ನೋವಿಲ್ಲದವರು ಎಷ್ಟೋ ಜನ ಇದ್ದಾರೆ, ಸ್ಕ್ಯಾನ್ ಚೆನ್ನಾಗಿದ್ದೂ ನರಳುವವರು ಇದ್ದಾರೆ. ಮನೆಯಲ್ಲಿ ಆ ಮಾತು ಆಡುವವರಿಗೆ ಇದನ್ನು ಓದಿ ಹೇಳಿ.

ನಿಮ್ಮ ಕಡೆ ಹಂದಿ, ಕಾಟಿ ಕಾಟಕ್ಕೆ ಕರೆಂಟ್ ಹರಿಯುವ ಐಬೆಕ್ಸ್ ಬೇಲಿ ಹಾಕುತ್ತೀರಲ್ಲ, ಹಂದಿ ತಾಗಿದರೆ ಅದರ ಅಲಾರಾಂ ಕೂಗಬೇಕು. ಆದರೆ ಕೆಲವು ಬೇಲಿ ಮಳೆಗಾಲದಲ್ಲಿ ಹುಲ್ಲು ತಾಗಿದರೂ ಕೂಗುತ್ತದೆ. ಹಳೆಯ ನೋವಿನಲ್ಲಿ ನರಮಂಡಲ ಆಗುವುದು ಹೀಗೆ. ಮೊದಲ ಪೆಟ್ಟು ಮಾಗಿದ್ದರೂ ಬೆನ್ನುಹುರಿ, ಮಿದುಳು ಎಚ್ಚರಿಕೆಯಲ್ಲೇ ಉಳಿದುಬಿಡುತ್ತವೆ, ಸಣ್ಣ ಚಲನೆಯನ್ನೂ ಅಪಾಯ ಅಂತ ಓದುತ್ತವೆ. ಅದರ ಮೇಲೆ ನಿದ್ದೆ ಇಲ್ಲ, ಭಯ ಇದೆ, ಬಗ್ಗುವುದು ಬಿಟ್ಟಿದ್ದರಿಂದ ಸ್ನಾಯು ಸೋತಿದೆ. ಒಂದು ಇನ್ನೊಂದನ್ನು ಎಳೆಯುತ್ತದೆ. ನೋವಿನ ಸಂಕೇತ ಮಿದುಳಿಗೆ ನೇರ ತಂತಿಯ ಹಾಗೆ ಹೋಗುವುದಿಲ್ಲ, ದಾರಿಯಲ್ಲೇ ಅದನ್ನು ಜಾಸ್ತಿ ಕಡಿಮೆ ಮಾಡುವ ಬಾಗಿಲಿದೆ ಅಂತ 1965ರಲ್ಲೇ ಮೆಲ್ಜಾಕ್ ಮತ್ತು ವಾಲ್ ಅನ್ನುವ ವಿಜ್ಞಾನಿಗಳು ಬರೆದರು. ಗಮನ, ಭಯ, ನೆಮ್ಮದಿ ಇವೆಲ್ಲಾ ಆ ಬಾಗಿಲನ್ನು ಅಲ್ಲಾಡಿಸುತ್ತವೆ.

ವಿಆರ್ ಇಲ್ಲಿಗೆ ಬಂದದ್ದು ಸುಟ್ಟಗಾಯದ ವಾರ್ಡಿನಿಂದ. 1990ರ ದಶಕದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ ಸುಟ್ಟ ರೋಗಿಗಳಿಗೆ ಡ್ರೆಸ್ಸಿಂಗ್ ಬದಲಿಸುವಾಗ ವಿಆರ್ ಹಾಕಿ ನೋಡಿದರು. ಅದಕ್ಕಾಗಿಯೇ ಸ್ನೋವರ್ಲ್ಡ್ ಅಂತ ಒಂದು ಆಟ ಮಾಡಿದರು. ಹಿಮದ ಕಣಿವೆಯಲ್ಲಿ ತೇಲುತ್ತಾ ಹೋಗುವುದು, ಪೆಂಗ್ವಿನ್‌ಗಳಿಗೆ ಹಿಮದ ಉಂಡೆ ಎಸೆಯುವುದು. ಡ್ರೆಸ್ಸಿಂಗ್ ನೋವು ಎಂಥದ್ದು ಅಂತ ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಬಲವಾದ ಔಷಧಿ ಕೊಟ್ಟರೂ ಕಿರುಚುತ್ತಾರೆ. ಆಟದೊಳಗೆ ಇದ್ದಾಗ ಆ ನೋವು ಕಡಿಮೆ ಅನ್ನಿಸಿತು ಅಂತ ರೋಗಿಗಳೇ ಹೇಳಿದರು. 2004ರಲ್ಲಿ ಹಾಫ್‌ಮನ್ ತಂಡ ಆರೋಗ್ಯವಂತರ ಮೇಲೆ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದಾಗ ನೋವಿಗೆ ಸಂಬಂಧಪಟ್ಟ ಭಾಗಗಳ ಚಟುವಟಿಕೆಯೂ ಇಳಿದಿತ್ತು. ಅಂದರೆ ಇದು ಸುಮ್ನೆ ಬಾಯಿಮಾತಲ್ಲ.

ಆದರೆ ಡ್ರೆಸ್ಸಿಂಗ್ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅಮ್ಮನ ನೋವು ದಿನವಿಡೀ ಇರುತ್ತದೆ, ದಿನವಿಡೀ ಹೆಡ್‌ಸೆಟ್ ಹಾಕಿ ಕೂರಲು ಆಗುವುದಿಲ್ಲ ಅಲ್ವಾ? ಹಾಗಾಗಿ ಹಳೆಯ ನೋವಿಗೆ ಗಮನ ಬೇರೆ ಕಡೆ ಸೆಳೆದರೆ ಸಾಲದು, ಏನಾದರೂ ಕಲಿಸಬೇಕು. ನಿಮ್ಮ ತಮ್ಮ ಹೇಳಿದ್ದು ಈ ಜಾತಿಯದ್ದು. ಅವನು ಹೇಳಿದ್ದು ನಿಜವೇ. 2021ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಈಸ್‌ವಿಆರ್‌ಎಕ್ಸ್ ಅನ್ನುವ ಸಾಧನಕ್ಕೆ ಅನುಮತಿ ಕೊಟ್ಟಿತು. ಅಪ್ಲೈಡ್‌ವಿಆರ್ ಅನ್ನುವ ಕಂಪನಿಯದು. ವೈದ್ಯರ ಚೀಟಿ ಬೇಕು, ದೊಡ್ಡವರ ಹಳೆಯ ಸೊಂಟನೋವಿಗೆ ಮಾತ್ರ, ಅದೂ ಬೇರೆ ಚಿಕಿತ್ಸೆಯ ಜೊತೆಯಲ್ಲಿ. ಎಂಟು ವಾರ, ದಿನಕ್ಕೊಂದು ಪಾಠ, ಒಟ್ಟು 56. ಒಂದೊಂದೂ 2ರಿಂದ 16 ನಿಮಿಷ. ಹೆಡ್‌ಸೆಟ್‌ಗೆ ಒಂದು ಸಣ್ಣ ಕೊಳವೆ ಇರುತ್ತದೆ, ಬಿಟ್ಟ ಉಸಿರನ್ನು ಮೈಕ್ ಕಡೆಗೆ ತಿರುಗಿಸುತ್ತದೆ, ಉಸಿರಿಗೆ ತಕ್ಕ ಹಾಗೆ ಎದುರಿನ ದೃಶ್ಯ ಬದಲಾಗುತ್ತದೆ. ನಿಧಾನ ಉಸಿರಾಟ, ಮೈ ಸಡಿಲಿಸುವುದು, ನೋವು ಹೇಗೆ ಹುಟ್ಟುತ್ತದೆ ಅನ್ನುವ ತಿಳಿವಳಿಕೆ, ಹೆದರಿಕೆಯನ್ನು ಕಂಡುಕೊಳ್ಳುವುದು, ಇಷ್ಟೇ ಪಾಠ.

ಬೆಂಗಳೂರಿನಿಂದ ಬರುವ ಗೇಮ್ ಹೆಡ್‌ಸೆಟ್‌ನಲ್ಲಿ ಆ ಪ್ರೋಗ್ರಾಂ ಇರುವುದಿಲ್ಲ. ಆದರೆ ನಿಧಾನ ಉಸಿರಾಟ ಕಲಿಸುವ, ಪ್ರಕೃತಿ ತೋರಿಸುವ ಆ್ಯಪ್‌ಗಳು ಸಿಗುತ್ತವೆ. ಅದನ್ನು ವ್ಯಾಯಾಮಕ್ಕೆ ಮೊದಲ ಮೆಟ್ಟಿಲಾಗಿ ಬಳಸಿ ಅನ್ನುವುದು ನನ್ನ ಸಲಹೆ. ಬೆನ್ನಿಗೆ ಆಸರೆ ಇರುವ, ಚಕ್ರ ಇಲ್ಲದ ಕುರ್ಚಿಯಲ್ಲಿ ಕೂರಿಸಿ. ಬಿಪಿ ಮಾತ್ರೆ ತಗೊಳ್ಳುವವರು ನಿಂತು ನೋಡುವುದು ಬೇಡ, ತಲೆ ಸುತ್ತಿ ಬಿದ್ದರೆ ಇರುವ ತೊಂದರೆಗೆ ಇನ್ನೊಂದು ಸೇರುತ್ತದೆ. ಊಟ ಆದ ತಕ್ಷಣ ಬೇಡ. ಐದು ನಿಮಿಷದಿಂದ ಶುರು ಮಾಡಿ. ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದ ಇರಲಿ. ಹೆಡ್‌ಸೆಟ್ ತೆಗೆದ ತಕ್ಷಣ, ಮೈ ಇನ್ನೂ ಸಡಿಲ ಇರುವಾಗಲೇ, ಹೇಳಿಕೊಟ್ಟ ವ್ಯಾಯಾಮದಲ್ಲಿ ತೀರಾ ಸುಲಭದ್ದು ಒಂದನ್ನು ಮಾಡಿಸಿ. ಆಮೇಲೆ ಅದೇ ಉಸಿರಾಟವನ್ನು ಹೆಡ್‌ಸೆಟ್ ಇಲ್ಲದೆ ಮಾಡಲಿ. ಕೊನೆಗೆ ಉಳಿಯಬೇಕಾದದ್ದು ಅದು.

ಫಿಟ್ಸ್ ಇದ್ದವರು ವೈದ್ಯರನ್ನು ಕೇಳದೆ ವಿಆರ್ ಹಾಕಬಾರದು. ಪೇಸ್‌ಮೇಕರ್, ಕಿವಿಯ ಮೆಷಿನ್ ಇದ್ದವರೂ ಅಷ್ಟೇ. ಕ್ವೆಸ್ಟ್ 2 ಅರ್ಧ ಕಿಲೋ ತೂಗುತ್ತದೆ, ಅದೂ ತಲೆಯ ಮುಂದೆ ಜೋತುಬಿದ್ದ ಹಾಗೆ ಇರುತ್ತದೆ. ಕತ್ತು ನೋವಿದ್ದರೆ ಅದು ಜಾಸ್ತಿ ಆಗಬಹುದು.

ಇನ್ನೊಂದು ಮಾತು, ಇದು ವಿಆರ್‌ಗಿಂತ ಮುಖ್ಯ. ಕಾಲಿನಲ್ಲಿ ಶಕ್ತಿ ಕಡಿಮೆ ಆದರೆ, ತೊಡೆಯ ಸಂದು ಮರಗಟ್ಟಿದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ನೋವಿನ ಜೊತೆ ಜ್ವರ ಬಂದರೆ, ಕಾರಣ ಇಲ್ಲದೆ ತೂಕ ಇಳಿದರೆ, ಬಿದ್ದ ಮೇಲೆ ಹೊಸ ನೋವು ಬಂದರೆ ಯಾವ ಪ್ರಯೋಗವನ್ನೂ ಮಾಡದೆ ಆಸ್ಪತ್ರೆಗೆ ಹೋಗಿ.

ಹಿನ್ನೀರು_ಸಾಗರ:

ಅಕ್ಕಾ, ನಾನು ನೋವಿನವನಾಗಿ ಬರೆಯುತ್ತಿದ್ದೇನೆ. ಬೈಕ್ ಅಪಘಾತದಲ್ಲಿ ಭುಜದ ಹತ್ತಿರ ನರಕ್ಕೆ ಪೆಟ್ಟಾಗಿ ಬಲಗೈಯಲ್ಲಿ ಉರಿನೋವು ಉಳಿದುಬಿಟ್ಟಿದೆ. ಮಾತ್ರೆ ನಡೆಯುತ್ತಿದೆ, ಅದರಿಂದ ತಕ್ಕಮಟ್ಟಿಗೆ ಹಿಡಿತಕ್ಕೆ ಬಂದಿದೆ. ಸಂಜೆ ಆದರೆ ಮಾತ್ರ ಉರಿ ಏರುತ್ತದೆ. ಆಗ ವಿಆರ್ ಹಾಕುತ್ತೇನೆ.

ಹೇಗಿರುತ್ತದೆ ಅಂದರೆ, ಹಾಕಿರುವಷ್ಟು ಹೊತ್ತು ಕೈ ನನ್ನದು ಅನ್ನುವುದೇ ಮರೆತು ಹೋಗುತ್ತದೆ. ತೆಗೆದ ಮೇಲೆ ಸ್ವಲ್ಪ ಹೊತ್ತು ಹಗುರ, ಆಮೇಲೆ ನೋವು ವಾಪಸ್ ಬರುತ್ತದೆ. ಮೊದಮೊದಲು ಇದರಿಂದ ತುಂಬಾ ಬೇಜಾರಾಗುತ್ತಿತ್ತು. ಆದರೆ ಆ ಹಗುರದ ಹೊತ್ತಿನಲ್ಲಿ ಊಟ ಮಾಡಿ ಮಲಗಿದರೆ ನಿದ್ದೆ ಬರುತ್ತದೆ, ನಿದ್ದೆ ಆದರೆ ಮಾರನೇ ದಿನ ಕೈ ಅಷ್ಟು ಕಾಡುವುದಿಲ್ಲ. ನನಗೆ ಇದರಿಂದ ಸಿಕ್ಕಿದ್ದು ನಿದ್ದೆ. ಹಳೆಯ ನೋವು ಇರುವವರಿಗೆ ಅದು ಎಷ್ಟು ದೊಡ್ಡದು ಅಂತ ನಿಮ್ಮ ಅಮ್ಮನನ್ನು ಕೇಳಿ, ಅವರೇ ಹೇಳುತ್ತಾರೆ.

ಕರೆಂಟು, ನೆಟ್‌ವರ್ಕು ಬಗ್ಗೆ ಕೇಳಿದ್ದೀರಿ. ಆ್ಯಪ್ ಮತ್ತು ವಿಡಿಯೋಗಳನ್ನೆಲ್ಲಾ ಬೆಂಗಳೂರಿನಲ್ಲೇ ಇಳಿಸಿಕೊಂಡು ಬರಲು ಹೇಳಿ, ಅಕೌಂಟ್ ಕೆಲಸವನ್ನೂ ಅಲ್ಲೇ ಮುಗಿಸಲಿ. ನಮ್ಮ ಹಿನ್ನೀರಿನ ಆಚೆ ದಡದಲ್ಲಿ ಫೋನ್ ಮಾಡಲೂ ಗುಡ್ಡ ಹತ್ತಬೇಕು, ಆದರೂ ಇಳಿಸಿಟ್ಟ ವಿಡಿಯೋ ನೋಡಲು ನೆಟ್ ಬೇಕಿಲ್ಲ. ಚಾರ್ಜ್ ತುಂಬಿದ್ದರೆ ಎರಡು ಗಂಟೆ ಬರುತ್ತದೆ, ದಿನಕ್ಕೆ ಹತ್ತು ನಿಮಿಷ ನೋಡುವವರಿಗೆ ಕರೆಂಟ್ ಹೋದರೂ ತೊಂದರೆ ಇಲ್ಲ.

ಭಾಷೆಯದ್ದು ನಿಜವಾದ ಸಮಸ್ಯೆ. ಇಂಗ್ಲಿಷ್ ದನಿಯಲ್ಲಿ ಉಸಿರು ಎಳೆಯಿರಿ ಬಿಡಿ ಅಂತ ಯಾರೋ ಹೇಳುತ್ತಿದ್ದರೆ ಅಮ್ಮನಿಗೆ ಕಿರಿಕಿರಿ ಆಗುತ್ತದೆ. ಆ ಸೌಂಡ್ ಬಂದ್ ಮಾಡಿ ನೀವೇ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಿ. ಅವರಿಗೆ ಗುರುತಿರುವ ದನಿ, ಕೈ ಹಿಡಿದುಕೊಂಡಿದ್ದರೆ ಇನ್ನೂ ಒಳ್ಳೆಯದು. ನಾನು ಇನ್ನೊಂದು ಮಾಡಿದೆ. ಸುತ್ತಲಿನದನ್ನೆಲ್ಲಾ ಒಟ್ಟಿಗೆ ಹಿಡಿಯುವ 360 ಡಿಗ್ರಿ ಕ್ಯಾಮೆರಾವನ್ನು ಸ್ನೇಹಿತನಿಂದ ತಂದು ನಮ್ಮ ತೋಟದಲ್ಲಿ, ಕೆರೆ ಏರಿ ಮೇಲೆ, ಸ್ಟ್ಯಾಂಡ್ ಹಾಕಿ ಸುಮ್ನೆ ಇಟ್ಟು ವಿಡಿಯೋ ಮಾಡಿದೆವು. ವಿದೇಶದ ಸಮುದ್ರಕ್ಕಿಂತ ಅದೇ ನನಗೆ ಹೆಚ್ಚು ಹಿಡಿಸಿತು. ಕ್ಯಾಮೆರಾ ಅಲ್ಲಾಡಬಾರದು. ಎತ್ತಿಕೊಂಡು ನಡೆದರೆ ನೋಡುವವರಿಗೆ ಹೊಟ್ಟೆ ತೊಳಸುತ್ತದೆ, ಕಣ್ಣು ಚಲಿಸುತ್ತಿದ್ದೇವೆ ಅನ್ನುತ್ತದೆ, ಒಳಗಿವಿ ಕೂತಿದ್ದೇವೆ ಅನ್ನುತ್ತದೆ, ಅದಕ್ಕೆ. ಇದೇ ಕಾರಣಕ್ಕೆ ಫೋನ್ ತುರುಕುವ ರಟ್ಟಿನ ಡಬ್ಬಿ ಮಾತ್ರ ಬೇಡ. ಅದು ತಲೆ ತಿರುಗಿಸಿದ್ದನ್ನು ಹಿಡಿಯುತ್ತದೆ, ಮೈ ಮುಂದೆ ಹಿಂದೆ ವಾಲಿದ್ದನ್ನು ಹಿಡಿಯುವುದಿಲ್ಲ, ಬೇಗ ತಲೆ ಸುತ್ತುತ್ತದೆ.

ಕೊಪ್ಪದವ:

ಎಲ್ಲರೂ ಒಳ್ಳೆಯದನ್ನೇ ಹೇಳುತ್ತಿದ್ದೀರಿ, ನಾನು ಸ್ವಲ್ಪ ತಡೆಯುತ್ತೇನೆ. ಕೋಪ ಮಾಡಿಕೊಳ್ಳಬೇಡಿ.

ಆ ಈಸ್‌ವಿಆರ್‌ಎಕ್ಸ್ ಪರೀಕ್ಷೆಯ ಅಂಕಿಅಂಶ ನೋಡಿ. 179 ಜನ. ಅರ್ಧ ಜನರಿಗೆ ನಿಜವಾದ ಪ್ರೋಗ್ರಾಂ, ಉಳಿದವರಿಗೆ ಅದೇ ಹೆಡ್‌ಸೆಟ್‌ನಲ್ಲಿ ಸಾಮಾನ್ಯ ಪ್ರಕೃತಿ ವಿಡಿಯೋ, ಟಿವಿಯಲ್ಲಿ ನೋಡುವ ಹಾಗೆ ಚಪ್ಪಟೆಯಾದದ್ದು. ನೋವು 30%ಗಿಂತ ಹೆಚ್ಚು ಇಳಿಯಿತು ಅಂದವರು ಮೊದಲ ಗುಂಪಿನಲ್ಲಿ 66%, ಎರಡನೇ ಗುಂಪಿನಲ್ಲಿ 41%. ಅರ್ಧಕ್ಕಿಂತ ಹೆಚ್ಚು ಇಳಿಯಿತು ಅಂದವರು 46% ಮತ್ತು 26%. ವ್ಯತ್ಯಾಸ ಇದೆ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಬರೀ ವಿಡಿಯೋ ನೋಡಿದ ನೂರರಲ್ಲಿ ನಲವತ್ತು ಜನಕ್ಕೂ ಕಡಿಮೆ ಆಯಿತಲ್ಲ, ಅದನ್ನು ಯೋಚಿಸಿ. ಎಂಟು ವಾರ ದಿನಾ ಒಂದು ಹೊತ್ತು ತನಗಾಗಿ ಅಂತ ಕೂತದ್ದರಿಂದಲೇ ಅಷ್ಟು ಆಗಿರಬಹುದು. ನಮ್ಮ ಹೆಂಗಸರಿಗೆ ಬೆಳಿಗ್ಗೆ ಎದ್ದರೆ ರಾತ್ರಿ ತನಕ ತಮಗಾಗಿ ಹತ್ತು ನಿಮಿಷ ಇರುತ್ತದಾ? ಹೆಡ್‌ಸೆಟ್ ತರುವ ಮೊದಲು ಆ ಹತ್ತು ನಿಮಿಷ ಮನೆಯವರು ಬಿಟ್ಟುಕೊಡಲಿ.

ಪರೀಕ್ಷೆಗೆ ಬಂದವರಲ್ಲಿ ಹೆಚ್ಚಿನವರು ಕಾಲೇಜು ಓದಿದ ಅಮೆರಿಕದವರು. ಕೂಲಿಗೆ ಹೋಗುವ, ಬಗ್ಗಿ ದುಡಿದೇ ತಿನ್ನಬೇಕಾದ ಹೆಂಗಸರಿಗೆ ಅದೇ ಫಲ ಸಿಗುತ್ತದೆ ಅಂತ ಅದರಿಂದ ಹೇಳಲು ಬರುವುದಿಲ್ಲ. ಹೆಡ್‌ಸೆಟ್ ಕಿರಿಕಿರಿ ಆಯಿತು ಅಂದವರು 20.8%, ತಲೆ ಸುತ್ತು, ವಾಕರಿಕೆ ಅಂದವರು 9.7%. ದೊಡ್ಡ ಅಪಾಯ ಏನೂ ಆಗಿಲ್ಲ, ಅದು ನಿಜ.

ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ಅತ್ತೆಯನ್ನು ಮಂಡಿನೋವಿಗೆ ಅಂತ ದೊಡ್ಡ ಊರಿನ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆವು. ಹೆಸರು ಬೇಡ. ವಿಆರ್ ಥೆರಪಿ ಪ್ಯಾಕೇಜ್ ಅಂತ ಮುಂಗಡ ದುಡ್ಡು ಕಟ್ಟಿಸಿಕೊಂಡರು. ಹಾಕಿದ್ದು ಸಮುದ್ರದೊಳಗಿನ ಮೀನಿನ ವಿಡಿಯೋ. ಯಾರೂ ಅವರ ಮಂಡಿಯನ್ನು ಮುಟ್ಟಿ ನೋಡಲಿಲ್ಲ, ಎಷ್ಟು ಮಡಚುತ್ತದೆ ಅಂತ ಕೇಳಲಿಲ್ಲ. ಆ ದುಡ್ಡಿನಲ್ಲಿ ಒಳ್ಳೆಯ ಫಿಸಿಯೋ ಹತ್ತಿರ ಎಷ್ಟೋ ಸಲ ಹೋಗಬಹುದಿತ್ತು. ನಿಮ್ಮ ತಮ್ಮನದ್ದು ಮನೆಯಲ್ಲೇ ಇದೆ, ಖರ್ಚಿಲ್ಲ, ನೋಡಿ. ಆದರೆ ಇದಕ್ಕಾಗಿ ಅಂತ ಸಾಲ ಮಾಡಿ ಹೆಡ್‌ಸೆಟ್ ಕೊಳ್ಳಬೇಡಿ, ಪ್ಯಾಕೇಜ್ ಕಟ್ಟಬೇಡಿ.

ಫಿಸಿಯೋ_ಶಿವಮೊಗ್ಗ:

ಕೊಪ್ಪದವರೇ, ಕೋಪ ಯಾಕೆ, ನೀವು ಹೇಳಿದ್ದರಲ್ಲಿ ಬಹುಪಾಲು ನಾನೂ ಒಪ್ಪುತ್ತೇನೆ. ಮುಟ್ಟಿ ನೋಡದೆ ಚಿಕಿತ್ಸೆ ಕೊಡುವವರ ಹತ್ತಿರ ವಿಆರ್ ಇದ್ದರೂ ಅಷ್ಟೇ, ಕರೆಂಟ್ ಶಾಕ್ ಮೆಷಿನ್ ಇದ್ದರೂ ಅಷ್ಟೇ.

ಒಂದು ಮಾತ್ರ ಸೇರಿಸುತ್ತೇನೆ. ವಿಆರ್ ನನಗೆ ಆಸೆ ಹುಟ್ಟಿಸುವುದು ಬಗ್ಗಲು ಹೆದರುವವರ ವಿಷಯದಲ್ಲಿ. "ಬಗ್ಗಿ" ಅಂತ ನಾನು ಹೇಳಿದ ತಕ್ಷಣ ಇಡೀ ಬೆನ್ನು ಬಿಗಿ ಹಿಡಿಯುವ ಅಮ್ಮಂದಿರು ಇದ್ದಾರೆ. ಅದೇ ಅವರಿಗೆ ಗೊತ್ತಿಲ್ಲದ ಹಾಗೆ ಬಗ್ಗುತ್ತಾರೆ, ಮೊಮ್ಮಗು ಕಾಲಿನ ಹತ್ತಿರ ಬಂದಾಗ. ಆಟದಲ್ಲೂ ಹಾಗೇ. ಹಾರಿ ಬರುವ ಚೆಂಡು ತಪ್ಪಿಸಿಕೊಳ್ಳಲು, ಕೆಳಗಿನ ಹಣ್ಣು ಹಿಡಿಯಲು ಮೈ ತಾನಾಗಿ ವಾಲುತ್ತದೆ. ಸೊಂಟನೋವಿನ ಹೆದರಿಕೆ ಇರುವವರಿಗೆ ಅಂತಲೇ ಚೆಂಡಾಟದ ವಿಆರ್ ಮಾಡಿ ಅಮೆರಿಕದಲ್ಲಿ ಪರೀಕ್ಷೆಗಳು ನಡೆದಿವೆ. ಬಗ್ಗಿದೆ, ಏನೂ ಹರಿಯಲಿಲ್ಲ ಅಂತ ಮಿದುಳಿಗೆ ಒಮ್ಮೆ ಗೊತ್ತಾದರೆ ಮುಂದಿನ ಕೆಲಸ ನನಗೆ ಸುಲಭ. ತುಂಗಾ ತೀರದ ಮೇಡಂ, ಅಮ್ಮನಿಗೆ ಬೇಕಾಗಿರುವುದು ಇದು ಅಂತ ನನಗೆ ಅನ್ನಿಸುತ್ತದೆ. ಕೂತಲ್ಲೇ ಕೈ ಚಾಚುವ ನಿಧಾನದ ಆಟ ಸಾಕು, ವೇಗದ್ದು ಬೇಡ.

ಮತ್ತೆ, ನೋವಿನ ಮಾತ್ರೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗುವ ಅಭ್ಯಾಸ ಇದ್ದರೆ ಇವತ್ತೇ ಬಿಡಿಸಿ. ಡೈಕ್ಲೋಫಿನ್ಯಾಕ್ ಜಾತಿಯವನ್ನು ವರ್ಷಗಟ್ಟಲೆ ತಗೊಂಡರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು, ಬಿಪಿಯೂ ಏರುತ್ತದೆ. ಅಮ್ಮನಿಗೆ ಬಿಪಿ ಇದೆ ಅಂದಿರಿ, ಅದಕ್ಕೆ ಹೇಳುತ್ತಿದ್ದೇನೆ. ವೈದ್ಯರು ಬರೆದ ಮಾತ್ರೆಯನ್ನು ಮಾತ್ರ ವಿಆರ್ ಬಂತು ಅಂತ ನಿಲ್ಲಿಸಬೇಡಿ, ಕೇಳಿಯೇ ಕಡಿಮೆ ಮಾಡಿ.

ಭದ್ರಾ_ನಾಲೆ:

ನನ್ನದು ಬೇರೆ ತರಹದ ನೋವಿನ ಕತೆ, ಆದರೆ ಇಲ್ಲಿ ಓದುವವರಿಗೆ ಉಪಯೋಗ ಆಗಬಹುದು. ಸಕ್ಕರೆ ಕಾಯಿಲೆಯಿಂದ ಅಪ್ಪನ ಎಡಗಾಲು ಮಂಡಿ ಕೆಳಗೆ ತೆಗೆಯಬೇಕಾಯಿತು. ಗಾಯ ಮಾಗಿತು. ಇಲ್ಲದ ಪಾದದಲ್ಲಿ ನೋವು ಶುರುವಾಯಿತು. ಬೆರಳು ಯಾರೋ ತಿರುಚಿದ ಹಾಗೆ ಆಗುತ್ತದೆ ಅಂತ ಅಳುತ್ತಿದ್ದರು. ನಮಗೆ ದಿಕ್ಕೇ ತೋಚಲಿಲ್ಲ.

ಆಸ್ಪತ್ರೆಯಲ್ಲಿ ಒಬ್ಬರು ಕನ್ನಡಿ ಚಿಕಿತ್ಸೆ ಹೇಳಿಕೊಟ್ಟರು. ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ತೋರಿಸಿದ್ದು. ಎರಡು ಕಾಲಿನ ನಡುವೆ ಉದ್ದದ ಕನ್ನಡಿ ನಿಲ್ಲಿಸುವುದು, ಇರುವ ಕಾಲನ್ನು ಕನ್ನಡಿಯಲ್ಲಿ ನೋಡುತ್ತಾ ಮೆಲ್ಲಗೆ ಬೆರಳು ಬಿಡಿಸುವುದು. ನೋಡುವವರ ಕಣ್ಣಿಗೆ ಎರಡು ಕಾಲೂ ಇದ್ದ ಹಾಗೆ, ತಿರುಚಿದ ಬೆರಳು ಬಿಡಿಸಿಕೊಂಡ ಹಾಗೆ ಕಾಣುತ್ತದೆ. ಅಪ್ಪನಿಗೆ ಮೊದಲ ದಿನ ಕಣ್ಣಲ್ಲಿ ನೀರು ಬಂತು, ಇದು ಬೇಡ ಅಂದರು. ಬಿಡದೆ ಮಾಡಿಸಿದೆವು. ನೋವು ಪೂರ್ತಿ ಹೋಗಿಲ್ಲ, ಆದರೆ ರಾತ್ರಿ ಕಿರುಚುವುದು ನಿಂತಿದೆ. ಈಗ ಕನ್ನಡಿಯ ಇದೇ ಉಪಾಯವನ್ನು ವಿಆರ್‌ನಲ್ಲೂ ಮಾಡುತ್ತಾರೆ. ನಮ್ಮ ಹತ್ತಿರ ಬೀರು ಬಾಗಿಲಿನ ಕನ್ನಡಿ ಇತ್ತು, ಅದರಲ್ಲೇ ನಡೆಯಿತು. ಕಾಲು ಕೈ ಕಳೆದುಕೊಂಡವರು ಮನೆಯಲ್ಲಿ ಇದ್ದರೆ ಫಿಸಿಯೋ ಹತ್ತಿರ ಕೇಳಿ ನೋಡಿ.

ಇನ್ನೊಂದು. ನೋವಿನ ಜೊತೆ ಮನಸ್ಸೂ ಕುಸಿಯುತ್ತದೆ, ಅದು ಹುಚ್ಚಲ್ಲ, ನಾಚಿಕೆ ಪಡಬೇಕಾದ್ದಲ್ಲ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಾವು ಮಾಡಿದ್ದೆವು.

ತುಂಗಾ_ತೀರ:

ಎಲ್ಲರಿಗೂ ತುಂಬಾ ಧನ್ಯವಾದ. ಹಬ್ಬ ಮುಗಿಸಿ ಈಗ ಬರೆಯುತ್ತಿದ್ದೇನೆ.

ತಮ್ಮ ಹೆಡ್‌ಸೆಟ್ ತಂದ. ಫಿಸಿಯೋ ಸರ್ ಹೇಳಿದ ಹಾಗೆ ಕುರ್ಚಿಯಲ್ಲಿ ಕೂರಿಸಿ ಐದು ನಿಮಿಷದಿಂದ ಶುರು ಮಾಡಿದೆವು. ಅಲ್ಲಾಡುವ ದೃಶ್ಯ ಬಂದ ಕೂಡಲೇ ಅಮ್ಮ ತೆಗೀರಿ ಅಂದರು, ನಿಂತ ದೃಶ್ಯ ಹಾಕಿದ ಮೇಲೆ ಸರಿ ಹೋಯಿತು. ಸಮುದ್ರ ನೋಡಿ ಚೆನ್ನಾಗಿದೆ ಅಂದರು, ಆಮೇಲೆ "ಇದರಲ್ಲಿ ನಮ್ಮ ಹೊಳೆ ಬರುತ್ತಾ?" ಅಂತ ಕೇಳಿದರು. ಸಾಗರದ ಅಣ್ಣ ಹೇಳಿದ್ದು ನೆನಪಾಗಿ ತಮ್ಮ ಕ್ಯಾಮೆರಾ ತರಿಸಿ ತುಂಗೆಯ ದಂಡೆಯಲ್ಲಿ ವಿಡಿಯೋ ಮಾಡಿದ್ದಾನೆ. ಈಗ ಅದನ್ನೇ ಹಾಕಿಕೊಳ್ಳುತ್ತಾರೆ. ನಾನು ಪಕ್ಕದಲ್ಲಿ ಕೂತು ಉಸಿರು ಹೇಳುತ್ತೇನೆ.

ನೋವು ಹೋಗಿದೆ ಅಂತ ಹೇಳುವುದಿಲ್ಲ. ಬೆಳಿಗ್ಗೆ ಏಳುವಾಗ ಗೋಡೆ ಇನ್ನೂ ಬೇಕು. ಆದರೆ ಹೆಡ್‌ಸೆಟ್ ತೆಗೆದ ಮೇಲೆ ಮಲಗಿ ಮಂಡಿ ಎದೆಗೆ ಎಳೆದುಕೊಳ್ಳುವ ವ್ಯಾಯಾಮ ಮಾಡುತ್ತಿದ್ದಾರೆ, ನಾನು ಹೇಳದೆಯೇ. ಮೊದಲು ಎಷ್ಟು ಗೋಗರೆದರೂ ಮಾಡಿರಲಿಲ್ಲ. ಕೈ ಚಾಚಿ ಹಿಡಿಯುವ ಒಂದು ಆಟದಲ್ಲಿ ಎಷ್ಟು ಬಗ್ಗಿದರು ಅಂದರೆ ತಮ್ಮ ವಿಡಿಯೋ ಮಾಡಿ ಅವರಿಗೇ ತೋರಿಸಿದ, ನಂಬಲಿಲ್ಲ. ಮನೆಯಲ್ಲಿ ಆ ಮಾತು ಆಡುತ್ತಿದ್ದವರಿಗೆ ಸರ್ ಬರೆದದ್ದನ್ನು ಜೋರಾಗಿ ಓದಿ ಹೇಳಿದೆ. ಅಮ್ಮ ಅಲ್ಲೇ ಇದ್ದರು. ಕೊಪ್ಪದವರು ಹೇಳಿದ ಹತ್ತು ನಿಮಿಷವೂ ಈಗ ಸಂಜೆ ಕಾಫಿ ಆದ ಮೇಲೆ ಅವರದ್ದು, ಯಾರೂ ಕರೆಯುವ ಹಾಗಿಲ್ಲ.

ಎರಡು ಸಣ್ಣ ತೊಂದರೆ. ಅಮ್ಮನ ಕನ್ನಡಕ ಹೆಡ್‌ಸೆಟ್ ಗಾಜಿಗೆ ತಾಗುತ್ತದೆ, ತೆಗೆದರೆ ಮಸುಕು. ಮತ್ತೆ ತಲೆಗೆ ಎಣ್ಣೆ ಹಚ್ಚುತ್ತಾರೆ, ಹಣೆಗೆ ಕುಂಕುಮ, ಸ್ಪಂಜು ಎಲ್ಲಾ ಜಿಡ್ಡು. ಏನು ಮಾಡುವುದು?

ಹಿನ್ನೀರು_ಸಾಗರ:

ಓದಿ ತುಂಬಾ ಖುಷಿ ಆಯಿತು ಅಕ್ಕ. ಕ್ವೆಸ್ಟ್ 2 ಡಬ್ಬಿಯಲ್ಲೇ ಕನ್ನಡಕದವರಿಗೆ ಅಂತ ಒಂದು ಪ್ಲಾಸ್ಟಿಕ್ ಪಟ್ಟಿ ಬಂದಿರುತ್ತದೆ, ಗ್ಲಾಸಸ್ ಸ್ಪೇಸರ್ ಅನ್ನುತ್ತಾರೆ. ತಮ್ಮನನ್ನು ಕೇಳಿ, ಬೆಂಗಳೂರಿನಲ್ಲೇ ಎಲ್ಲೋ ಬಿದ್ದಿರುತ್ತದೆ. ಮುಖದ ಸ್ಪಂಜು ತೆಗೆದು ಅದನ್ನು ಕೂರಿಸಿ, ಮೇಲೆ ಸ್ಪಂಜು ಹಾಕಿದರೆ ಗಾಜು ಸ್ವಲ್ಪ ಮುಂದೆ ಹೋಗುತ್ತದೆ. ಗಾಜಿಗೆ ಗಾಜು ತಾಗಲು ಬಿಡಬೇಡಿ, ಒಮ್ಮೆ ಗೀರು ಬಿದ್ದರೆ ಹೋಗುವುದಿಲ್ಲ. ಜಿಡ್ಡಿಗೆ ಹಳೆಯ ಹತ್ತಿ ಪಂಚೆ ಹರಿದು ಪಟ್ಟಿ ಮಾಡಿ ಹಣೆಗೆ ಕಟ್ಟಿ, ಆಮೇಲೆ ಹೆಡ್‌ಸೆಟ್ ಹಾಕಿ. ಗಾಜನ್ನು ಕನ್ನಡಕ ಒರೆಸುವ ಒಣ ಬಟ್ಟೆಯಲ್ಲಿ ಮಾತ್ರ ಒರೆಸಿ, ಸ್ಪಿರಿಟ್ ಹಾಕಬೇಡಿ. ಬಳಸದೇ ಇರುವಾಗ ಕಿಟಕಿ ಹತ್ತಿರ ಇಡಬೇಡಿ. ಬಿಸಿಲು ನೇರ ಆ ಗಾಜಿನೊಳಗೆ ಬಿದ್ದರೆ ಒಳಗಿನ ಪರದೆ ಸುಟ್ಟು ಕಲೆ ಬೀಳುತ್ತದೆ.

ಫಿಸಿಯೋ_ಶಿವಮೊಗ್ಗ:

ಮಂಡಿ ಎಳೆದುಕೊಳ್ಳುವುದು ಶುರು ಆಗಿದೆ ಅಂದಿರಲ್ಲ, ಬಹಳ ಸಂತೋಷ. ಇನ್ನು ಅದರ ಜೊತೆಗೆ ನಡಿಗೆ ಸೇರಿಸಿ, ಅಂಗಳದ ಸಮತಟ್ಟು ಜಾಗದಲ್ಲಿ, ಪಾಚಿ ಇಲ್ಲದ ಕಡೆ. ಹೆಡ್‌ಸೆಟ್ ತಮ್ಮನ ಜೊತೆ ವಾಪಸ್ ಹೋಗುತ್ತದಾ, ಅಲ್ಲೇ ಇರುತ್ತದಾ? ಹೋಗುವುದಾದರೆ ಈಗಿನಿಂದಲೇ ಒಂದು ದಿನ ಬಿಟ್ಟು ಒಂದು ದಿನ ಹೆಡ್‌ಸೆಟ್ ಇಲ್ಲದೆ ಅದೇ ಕುರ್ಚಿ, ಅದೇ ಹೊತ್ತು, ಅದೇ ಉಸಿರಾಟ ಮಾಡಿಸಿ. ಮುಂದಿನ ಸಲ ಶಿವಮೊಗ್ಗಕ್ಕೆ ಬಂದಾಗ ವ್ಯಾಯಾಮ ಹೇಳಿಕೊಟ್ಟವರಿಗೇ ತೋರಿಸಿ, ಮುಂದಿನ ಹಂತ ಅವರು ಹೇಳಲಿ. ತಮ್ಮ ಮಾಡಿದ ಬಗ್ಗುವ ವಿಡಿಯೋವನ್ನೂ ತಗೊಂಡು ಹೋಗಿ.